ನಮ್ಮನಿ ದಾರ್ಯಾಗ ಬಂತು

“ನೀವು ಬಾದಾಮಿಗೆ ಹೊಂಟೀರಿ. ನಮ್ಮನಿ ದಾರ್ಯಾಗ ಬಂತು. ಅಷ್ಟ.”

ಈ ಜನವರಿಯಲ್ಲಿ ರಾಣೆಬೆನ್ನೂರಿನ ನನ್ನ ಸೋದರತ್ತೆ ಹೇಳಿದ ಮಾತಿದು. ಸಿಟ್ಟು ಮಾಡಿಕೊಂಡು ಹೇಳಲಿಲ್ಲ. ಚುಚ್ಚಬೇಕು ಅಂತಾನೂ ಹೇಳಲಿಲ್ಲ. ಕಾರಿನ ಕಿಟಕಿ ಹತ್ತಿರ ನಿಂತು, ನನ್ನ ಮಗನ ಕೆನ್ನೆ ಸವರುತ್ತಾ, ಈ ಸಲ ಚಳಿ ಜಾಸ್ತಿ ಅನ್ನುವಷ್ಟೇ ಸಲೀಸಾಗಿ ಹೇಳಿದರು. ನಾನು “ಅಯ್ಯೋ, ಹಾಗೇನಿಲ್ಲ ಅತ್ತೆ” ಅಂದೆ. ಕಾರು ಹೊರಟಿತು. ಹುಬ್ಬಳ್ಳಿ, ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರ ಎಲ್ಲ ಸುತ್ತಿದೆವು. ಆರು ದಿನ, ಸಾವಿರದ ಮುನ್ನೂರು ಕಿಲೋಮೀಟರಿಗೂ ಜಾಸ್ತಿ. ಫೋನಿನಲ್ಲಿ ಒಂಬೈನೂರು ಫೋಟೋ ಇವೆ. ಊರಿಗೆ ಬಂದು ಬಟ್ಟೆ ಒಗೆದು, ಮಕ್ಕಳು ಸ್ಕೂಲಿಗೆ ಹೋಗಿ, ಎಲ್ಲ ಮೊದಲಿನ ಹಾಗೆ ಆಯಿತು. ಆ ಒಂದು ಮಾತು ಮಾತ್ರ ಹೋಗಲಿಲ್ಲ. ಪಾತ್ರೆ ತೊಳೆಯುವಾಗ, ಸಿಗ್ನಲ್‌ನಲ್ಲಿ ನಿಂತಾಗ ಸುಮ್ನೆ ಬಂದುಬಿಡುತ್ತದೆ. ನಮ್ಮನಿ ದಾರ್ಯಾಗ ಬಂತು.

ಅತ್ತೆ ಹೇಳಿದ್ದು ನಿಜ. ಅದಕ್ಕೇ ಅದು ಹೋಗುತ್ತಿಲ್ಲ.

ಮುಚ್ಚುವ ಬಾಗಿಲು

ಟ್ರಿಪ್ಪಿನ ಪ್ಲಾನ್ ಮಾಡಿದ್ದು ನಾನೇ. ಡಿಸೆಂಬರ್ ಪೂರ್ತಿ ಅದೇ ಕೆಲಸ. ಮಗಳು ಏಳನೇ ಕ್ಲಾಸು. ಪಾಠದಲ್ಲಿ ಚಾಲುಕ್ಯರು ಬಂದಿದ್ದರು. ಮಗನಿಗೆ ಗೋಳಗುಮ್ಮಟದ ಪ್ರತಿಧ್ವನಿ ಕೇಳಬೇಕಿತ್ತು. ನನ್ನ ಗಂಡನಿಗೆ ಚಿತ್ರದುರ್ಗದ ಕೋಟೆ ಇಷ್ಟ. ಅಪ್ಪನನ್ನು “ನಿಮಗೇನು ನೋಡಬೇಕು” ಅಂತ ಕೇಳಿದೆ. ಅಪ್ಪನಿಗೆ ಎಪ್ಪತ್ನಾಲ್ಕು. ಅವರು “ಅಕ್ಕನ್ನ ನೋಡಿಕೊಂಡು ಹೋಗೋಣ” ಅಂದರು. “ಅದು ಹೇಗೂ ದಾರಿಯಲ್ಲೇ ಅಲ್ವಾ ಅಪ್ಪ” ಅಂದೆ. ಈಗ ನೋಡಿದರೆ, ಆ ಮಾತನ್ನು ಮೊದಲು ಹೇಳಿದವಳು ನಾನೇ. ಅತ್ತೆ ಅದನ್ನು ನನಗೆ ವಾಪಸ್ ಕೊಟ್ಟರು, ಅಷ್ಟೇ.

ಪ್ಲಾನ್ ಬರೆದ ಹಾಳೆ ಇನ್ನೂ ಫ್ರಿಜ್ ಮೇಲೆ ಅಂಟಿಕೊಂಡಿದೆ. ಗೋಳಗುಮ್ಮಟದ ಮುಂದೆ ಬೆಳಿಗ್ಗೆ 6 ಅಂತ ಬರೆದಿದ್ದೇನೆ, ಜನ ಸೇರುವ ಮೊದಲು ಒಳಗೆ ಹೋಗಬೇಕು ಅಂತ. ಬಾದಾಮಿ ಮತ್ತು ಐಹೊಳೆಯ ಮ್ಯೂಸಿಯಂ ಶುಕ್ರವಾರ ರಜೆ ಅಂತ ಕೆಂಪು ಪೆನ್ನಲ್ಲಿ ಗುರುತು ಹಾಕಿದ್ದೇನೆ. ಚಿತ್ರದುರ್ಗಕ್ಕೆ ನಾಲ್ಕು ಗಂಟೆ, ಪಟ್ಟದಕಲ್ಲಿಗೆ ಮೂರು ಗಂಟೆ. ರಾಣೆಬೆನ್ನೂರಿನ ಮುಂದೆ ಹೊತ್ತು ಬರೆದೇ ಇಲ್ಲ. ಬರೀ “ಅತ್ತೆ ಮನೆ, ಟೀ” ಅಂತಿದೆ. ಮುಚ್ಚುವ ಬಾಗಿಲುಗಳಿಗೆಲ್ಲ ನಾನು ಟೈಮ್ ಕೊಟ್ಟಿದ್ದೆ. ಯಾವಾಗ ಹೋದರೂ ತೆರೆದಿರುವ ಬಾಗಿಲಿಗೆ ಮಿಕ್ಕಿದ ಹೊತ್ತು. ಇದನ್ನು ಬೇಕಂತ ಮಾಡಲಿಲ್ಲ. ಕೈ ತಾನಾಗಿ ಹಾಗೆ ಬರೆಯಿತು. ಅದೇ ನನಗೆ ಹೆಚ್ಚು ಬೇಜಾರು.

ಓಬವ್ವನ ಗಂಡ ಊಟಕ್ಕೆ ಕೂತಿದ್ದ

ಚಿತ್ರದುರ್ಗ ತಲುಪಿದಾಗ ಹತ್ತು ಗಂಟೆ. ಕೋಟೆ ಹತ್ತುವಾಗ ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಆ ಬಂಡೆಗಳನ್ನು ನೋಡಿದರೆ ಕೋಟೆ ಕಟ್ಟಿದ್ದಾರೆ ಅನ್ನಿಸುವುದಿಲ್ಲ. ಮೊದಲೇ ಇದ್ದ ಕೋಟೆಯ ಸಂದಿಗಳನ್ನು ಮುಚ್ಚಿದ್ದಾರೆ ಅನ್ನಿಸುತ್ತದೆ. ಏಳು ಸುತ್ತು ದಾಟಿ ಒಳಗೆ ಹೋಗುವ ಬಾಗಿಲುಗಳು ಒಂದೂ ನೇರವಾಗಿಲ್ಲ. ಪ್ರತಿ ಬಾಗಿಲ ಮುಂದೆ ದಾರಿ ತಿರುಗುತ್ತದೆ, ಆನೆ ಓಡಿ ಬಂದು ಗುದ್ದಬಾರದು ಅಂತ. ಎಣ್ಣೆ ಕೊಳದ ಕಲ್ಲುತೊಟ್ಟಿ, ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ, ಅಕ್ಕ-ತಂಗಿ ಹೊಂಡ. ಮಕ್ಕಳು ಒಂದನ್ನೂ ಬಿಡಲಿಲ್ಲ. ಅಪ್ಪ ಮಾತ್ರ ಎರಡನೇ ಬಾಗಿಲ ಹತ್ತಿರ ಕಟ್ಟೆ ಮೇಲೆ ಕೂತರು. “ಮಂಡಿ ನೋವು. ನೀವು ಹೋಗಿ ಬನ್ನಿ” ಅಂದರು.

ಓಬವ್ವನ ಕಿಂಡಿಗೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ಮಕ್ಕಳಿಗೆ ಕಥೆ ಗೊತ್ತು. ಆದರೂ ಆ ಜಾಗದಲ್ಲಿ ನಿಂತು ಇನ್ನೊಮ್ಮೆ ಹೇಳಿದೆ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ. ಓಬವ್ವ ನೀರು ತರಲು ಹೊಂಡಕ್ಕೆ ಬಂದಳು. ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುವುದು ಕಂಡಿತು. ಒನಕೆ ತಂದಳು. “ಗಂಡನ್ನ ಯಾಕೆ ಕರೀಲಿಲ್ಲ?” ಅಂತ ಮಗ ಕೇಳಿದ. “ಊಟಕ್ಕೆ ಕೂತವರನ್ನ ಎಬ್ಬಿಸಬಾರದು ಅಂತ ಕಣೋ” ಅಂದೆ. ಆ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಅದು. ಕೋಟೆಗೆ ಶತ್ರು ನುಗ್ಗುತ್ತಿದ್ದಾನೆ, ಅವಳಿಗೆ ಮೊದಲು ನೆನಪಾಗಿದ್ದು ಒಬ್ಬನ ತಟ್ಟೆ.

ಅದೇ ಒಂದು ಗಂಟೆಗೆ ಅಲ್ಲಿಂದ ನೂರು ಕಿಲೋಮೀಟರ್ ದೂರದಲ್ಲಿ ಅತ್ತೆ ಐದು ತಟ್ಟೆ ಜೋಡಿಸಿಟ್ಟು ಕಾಯುತ್ತಿದ್ದರು. ನನಗೆ ಗೊತ್ತಿರಲಿಲ್ಲ. ಹಿಂದಿನ ರಾತ್ರಿ ಅಪ್ಪ ಫೋನ್ ಮಾಡಿ “ಊಟದ ಹೊತ್ತಿಗೆ ಬರ್ತೀವಿ ಅಕ್ಕಾ” ಅಂದಿದ್ದರಂತೆ. ನನಗೆ ಹೇಳಿರಲಿಲ್ಲ. ಕೋಟೆ ಇಳಿದು ಬಂದಾಗ ಅವರು ಕಟ್ಟೆ ಮೇಲೆ ವಾಚ್ ನೋಡುತ್ತಾ ಕೂತಿದ್ದರು. ಬೇಜಾರಾಗಿರಬೇಕು ಅಂದುಕೊಂಡೆ. ಅಲ್ಲಿಂದ ಹೊರಟು ದಾವಣಗೆರೆ ಹತ್ತಿರ ಬಂದಾಗ ಮಕ್ಕಳಿಗೆ ಹಸಿವು. ದಾವಣಗೆರೆಗೆ ಬಂದು ಬೆಣ್ಣೆ ದೋಸೆ ತಿನ್ನದೆ ಹೋಗುವುದುಂಟಾ? ಹೈವೇ ಬಿಟ್ಟು ಊರೊಳಗೆ ಹೋದೆವು. ಕ್ಯೂ ಇತ್ತು, ಕಾದೆವು. ಬಿಳಿ ಬೆಣ್ಣೆ ಕರಗುತ್ತಿದ್ದ ದೋಸೆ, ಆಲೂಗಡ್ಡೆ ಪಲ್ಯ, ಖಾರದ ಚಟ್ನಿ. ಎಲ್ಲರೂ ಎರಡೆರಡು ತಿಂದೆವು. ಅಪ್ಪ ಅರ್ಧ ದೋಸೆ ತಿಂದು ಕೈ ತೊಳೆದರು.

“ಯಾಕಪ್ಪಾ ಹೇಳಲಿಲ್ಲ?” ಅಂತ ಆಮೇಲೆ ಕೇಳಿದೆ. “ಹೇಳಿದ್ರೆ ಅವಸರ ಮಾಡ್ತಿದ್ರಿ. ಮಕ್ಕಳು ಕೋಟೆ ನೋಡ್ತಿದ್ವು” ಅಂದರು.

ನಲವತ್ತು ನಿಮಿಷ

ಬೈಪಾಸಿನಿಂದ ಇಳಿದು ಊರೊಳಗೆ ಅತ್ತೆಯ ಮನೆ ಮುಟ್ಟಿದಾಗ ನಾಲ್ಕು ಐವತ್ತು. ಅತ್ತೆಗೆ ಈಗ ಎಪ್ಪತ್ತೊಂಬತ್ತು. ಮಾವ ಇಲ್ಲ. ಚಿಕ್ಕ ಮಗನ ಜೊತೆ ಇರುತ್ತಾರೆ, ಅವನದು ಬೀಜದ ಅಂಗಡಿ. ರಾಣೆಬೆನ್ನೂರಲ್ಲಿ ಬೀಜದ ವ್ಯಾಪಾರ ಮಾಡುವವರು ಬೀದಿಗೊಬ್ಬರು ಸಿಗುತ್ತಾರೆ. ಬಾಗಿಲಲ್ಲೇ ನಿಂತಿದ್ದರು. ಇಳಕಲ್ ಸೀರೆ, ಕೊರಳಲ್ಲಿ ಒಂದೆಳೆ ಸರ. ಅಪ್ಪನ ಎರಡೂ ಕೈ ಹಿಡಿದುಕೊಂಡು “ಸೊರಗೀಯಲ್ಲೋ” ಅಂದರು. ಅಪ್ಪನ ಗಂಟಲು ಕಟ್ಟಿತು. ನಾನು ಚಪ್ಪಲಿ ಬಿಡುತ್ತಾ ವಾಚ್ ನೋಡಿದೆ. ಗಂಡನಿಗೆ ರಾತ್ರಿ ಗಾಡಿ ಓಡಿಸುವುದು ಆಗುವುದಿಲ್ಲ. ಕತ್ತಲಾಗುವುದರೊಳಗೆ ಆದಷ್ಟು ದೂರ ಹೋಗಬೇಕು. ಹುಬ್ಬಳ್ಳಿಯಲ್ಲಿ ರೂಮು ಬುಕ್ ಆಗಿತ್ತು.

ಅಡುಗೆಮನೆಯಲ್ಲಿ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಎಣ್ಣೆಗಾಯಿ, ಹಿಂಡಿಪಲ್ಯ, ಶೇಂಗಾ ಹೋಳಿಗೆ, ಕೆನೆ ಕಟ್ಟಿದ ಮೊಸರು. ಮಧ್ಯಾಹ್ನದಿಂದ ಯಾರೂ ಮುಟ್ಟಿರಲಿಲ್ಲ. ಅತ್ತೆಯೂ ಉಂಡಿರಲಿಲ್ಲ. “ಬರ್ರಿ, ಕೈ ತೊಳಕೊಳ್ರಿ” ಅಂದರು. ನಾವೆಲ್ಲ ಮುಖ ಮುಖ ನೋಡಿಕೊಂಡೆವು. “ದಾವಣಗೆರೆಯಲ್ಲಿ ತಿಂದ್ವಿ ಅತ್ತೆ” ಅಂದೆ. ಒಂದು ಕ್ಷಣ ಅವರು ಏನೂ ಹೇಳಲಿಲ್ಲ. ಆಮೇಲೆ “ಹೌದೇನ? ಚಲೋ ಆತು. ಹುಡುಗರು ಹಸಗೊಂಡಿರ್ತಾವ” ಅಂದು ಒಂದು ಡಬ್ಬಿ ತಂದರು. ಅದರಲ್ಲಿ ಕುಸುರೆಳ್ಳು.

ಕುಸುರೆಳ್ಳು ಅಂಗಡಿಯಲ್ಲಿ ಸಿಗುತ್ತದೆ. ಇದು ಅಂಗಡಿಯದಲ್ಲ. ಮನೆಯಲ್ಲಿ ಮಾಡುವುದನ್ನು ಚಿಕ್ಕವಳಿದ್ದಾಗ ನೋಡಿದ್ದೇನೆ. ಸಣ್ಣ ಕೆಂಡದ ಮೇಲೆ ಹಿತ್ತಾಳೆ ಪರಾತ. ಅದರಲ್ಲಿ ಒಂದು ಹಿಡಿ ಎಳ್ಳು. ಸಕ್ಕರೆ ಪಾಕವನ್ನು ಚಮಚದಲ್ಲಿ ಹನಿ ಹನಿಯಾಗಿ ಬಿಡಬೇಕು. ಬೆರಳ ತುದಿಯಿಂದ ಎಳ್ಳನ್ನು ಆಡಿಸುತ್ತಲೇ ಇರಬೇಕು. ಒಣಗಿದ ಮೇಲೆ ಇನ್ನೊಂದು ಹನಿ. ಬೆಳಗಿನ ಚಳಿ ಇದ್ದರೇ ಅದಕ್ಕೆ ಮುಳ್ಳು ಬರುವುದು. ಬಿಸಿಲೇರಿದರೆ ಎದ್ದುಬಿಡಬೇಕು, ಉಳಿದದ್ದು ಮಾರನೇ ದಿನ. ಒಂದೊಂದು ಎಳ್ಳಿನ ಸುತ್ತ ಬಿಳಿ ಮುಳ್ಳು ಎದ್ದು ನಕ್ಷತ್ರದ ಹಾಗೆ ಕಾಣಲು ಎಷ್ಟೋ ದಿನ ಬೇಕು. ಎಪ್ಪತ್ತೊಂಬತ್ತರ ಆ ಬೆರಳುಗಳು ಡಿಸೆಂಬರಿನ ಎಷ್ಟು ಬೆಳಗು ಕೆಂಡದ ಮುಂದೆ ಇದ್ದವೋ. ಬೆಂಗಳೂರಲ್ಲಿ ನಾನು ಫ್ರಿಜ್ ಮೇಲಿನ ಹಾಳೆ ತುಂಬುತ್ತಿದ್ದ ಅದೇ ದಿನಗಳು. ಮಕ್ಕಳು ಒಂದೊಂದು ಹಿಡಿ ಬಾಯಿಗೆ ಹಾಕಿಕೊಂಡರು. ಚೆನ್ನಾಗಿದೆ ಅಂದರು.

ಐದೂಕಾಲಿಗೆ ನಾನು ಎದ್ದೆ. ಅತ್ತೆ ಮಣೆ ಹಾಕಿದರು. “ಕುಂದ್ರವ್ವಾ, ಉಡಿ ತುಂಬ್ತೀನಿ.” ತವರಿನ ಹೆಣ್ಣುಮಗಳು ಹೊರಟರೆ ಸುಮ್ಮನೆ ಕಳಿಸುವುದಿಲ್ಲ. ಅಕ್ಕಿ, ಕೊಬ್ಬರಿ, ಅರಿಶಿಣದ ಕೊಂಬು, ಎಲೆ ಅಡಿಕೆ, ಗುಳೇದಗುಡ್ಡದ ಖಣ, ಎಲ್ಲ ತಟ್ಟೆಯಲ್ಲಿ ಸಿದ್ಧ ಇತ್ತು. ಕಾರಿನ ಹಾರ್ನ್ ಕೇಳಿಸಿತು. ಮಗ ಸ್ಟೇರಿಂಗ್ ಮೇಲೆ ಕೈ ಇಟ್ಟಿದ್ದ. ನಾನು “ನಿಂತೇ ತುಂಬಿಬಿಡಿ ಅತ್ತೆ, ಲೇಟಾಗುತ್ತೆ” ಅಂದು ದುಪಟ್ಟಾ ಒಡ್ಡಿದೆ. ಸೆರಗಿಗೂ ದುಪಟ್ಟಾಕ್ಕೂ ವ್ಯತ್ಯಾಸ ಇದೆ. ದುಪಟ್ಟಾ ಜಾರಿತು. ಅಕ್ಕಿ ಪಡಸಾಲೆ ತುಂಬ ಚೆಲ್ಲಿತು. “ಇರಲಿ ಬಿಡಿ ಅತ್ತೆ” ಅಂದೆ. ಅವರು ಬಿಡಲಿಲ್ಲ. ಮಂಡಿ ಊರಿ ಕೂತು ಕಾಳು ಕಾಳು ಆರಿಸಿದರು. ನಾನು ಅವರ ತಲೆಯ ಮೇಲೆ ನಿಂತೇ ಇದ್ದೆ. ನಾನೂ ಕೂತು ಆರಿಸಬಹುದಿತ್ತು. ಯಾಕೆ ಕೂರಲಿಲ್ಲ ಅಂತ ಇವತ್ತಿಗೂ ಗೊತ್ತಾಗುತ್ತಿಲ್ಲ.

ಆರಿಸಿದ ಅಕ್ಕಿಯನ್ನು ಕೊನೆಗೆ ಒಂದು ಕವರಿನಲ್ಲಿ ಹಾಕಿ ಕೊಟ್ಟರು. ಕಾರಿನ ತನಕ ಬಂದರು. “ಬಾದಾಮಿಯಿಂದ ಬರ್ತಾ ಇನ್ನೊಮ್ಮೆ ಬರ್ತೀವಿ” ಅಂತ ನನ್ನ ಗಂಡ ಹೇಳಿದರು. ಆಗ ಅತ್ತೆ ಆ ಮಾತು ಹೇಳಿದ್ದು.

ಬೈಪಾಸ್

ನಾನು ಚಿಕ್ಕವಳಿದ್ದಾಗ ಬೈಪಾಸ್ ಇರಲಿಲ್ಲ. ಆಗಿನ ಎನ್‌ಎಚ್ 4, ಈಗಿನ 48, ಊರುಗಳ ಹೊಟ್ಟೆಯೊಳಗಿಂದಲೇ ಹೋಗುತ್ತಿತ್ತು. ಬಸ್ಸು ಪ್ರತಿ ಊರಲ್ಲಿ ನಿಲ್ಲುತ್ತಿತ್ತು. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಅಪ್ಪನ ಮಾತು ಬದಲಾಗುತ್ತಿತ್ತು. ಹೊಳೆಯ ಈ ಕಡೆ “ಬಾ”, ಆ ಕಡೆ “ಬಾರವ್ವ”. ಆಗ ನಮಗೆ ರಾಣೆಬೆನ್ನೂರೇ ಕೊನೆಯ ಊರು. ಬೇಸಿಗೆ ರಜೆ ಪೂರ್ತಿ ಅತ್ತೆಯ ಮನೆ. ಅಲ್ಲಿಂದ ಬಾದಾಮಿ ಅಷ್ಟೇನೂ ದೂರವಿಲ್ಲ. ಅಷ್ಟು ಬೇಸಿಗೆಯಲ್ಲಿ ಒಂದು ಸಲವೂ ನಾವು ಬಾದಾಮಿ ನೋಡಲಿಲ್ಲ. ನೋಡಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಅತ್ತೆ ಇವತ್ತಿಗೂ ನೋಡಿಲ್ಲ.

ಈಗ ರಸ್ತೆ ಅಗಲವಾಗಿದೆ. ಊರ ಹೊರಗಿಂದಲೇ ಹಾರಿ ಹೋಗಬಹುದು. ಸಿರಾ, ಹಿರಿಯೂರು, ಹರಿಹರ, ಹಾವೇರಿ ಎಲ್ಲ ಹಸಿರು ಬೋರ್ಡುಗಳಾಗಿ ಹಿಂದೆ ಸರಿಯುತ್ತವೆ. ಈ ರಸ್ತೆಗಳ ಬಗ್ಗೆ ನನಗೆ ತಕರಾರಿಲ್ಲ. ಆರಾಮಾಗಿ, ಬೇಗ ಹೋಗುತ್ತೇವೆ. ಆದರೆ ಮೊದಲು ನೆಂಟರ ಮನೆ ತಪ್ಪಿಸಿ ಹೋಗುವುದು ಕಷ್ಟವಿತ್ತು. ಬಸ್ಸು ಅವರ ಬೀದಿಯ ತುದಿಯಲ್ಲೇ ನಿಲ್ಲುತ್ತಿತ್ತು, ಯಾರಾದರೂ ನೋಡಿಬಿಡುತ್ತಿದ್ದರು. ಈಗ ಹೋಗಬೇಕಾದರೆ ಇಂಡಿಕೇಟರ್ ಹಾಕಿ ಇಳಿಯಬೇಕು. ಇಳಿಯಲು ನಿರ್ಧಾರ ಮಾಡಬೇಕು. ಬೆಣ್ಣೆ ದೋಸೆಗೆ ಆ ನಿರ್ಧಾರ ನಮಗೆ ಒಂದು ನಿಮಿಷವೂ ಹಿಡಿದಿರಲಿಲ್ಲ.

ಲಾಡ್ ಖಾನನ ಗುಡಿ

ಬಾದಾಮಿ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನ ಮುಂದೆ ಮಕ್ಕಳು ಎರಡೆರಡು ಕೈ ಜೋಡಿಸಿ ಮುದ್ರೆ ಲೆಕ್ಕ ಹಾಕಿದರು. ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ, ಕ್ರಿ.ಶ. 578ರದ್ದು. ಕೆಂಪು ಕಲ್ಲಿನ ಮೇಲೆ ಬೆಳಗಿನ ಬಿಸಿಲು ಬಿದ್ದರೆ ಗೋಡೆ ಒಳಗಿಂದಲೇ ಉರಿಯುವ ಹಾಗೆ ಕಾಣುತ್ತದೆ. ಅಗಸ್ತ್ಯ ತೀರ್ಥದ ಆಚೆ ಬಂಡೆ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಕನ್ನಡದ ತ್ರಿಪದಿ ಕಲ್ಲಲ್ಲಿ ಸಿಕ್ಕಿರುವುದು ಮೊದಲು ಅಲ್ಲೇ. “ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ” ಅಂತ ಮಗಳು ಪಾಠದಲ್ಲಿ ಕಲಿತಿದ್ದನ್ನು ಹೇಳಿದಳು. ಒಳ್ಳೆಯವರಿಗೆ ಒಳ್ಳೆಯವನು, ಸಿಹಿಯಾದವರಿಗೆ ಸಿಹಿ. ಅವಳ ತಮ್ಮ ಪಕ್ಕದಲ್ಲಿ ಜೇಬಿನಿಂದ ಕುಸುರೆಳ್ಳು ತೆಗೆದು ಒಂದೊಂದೇ ತಿನ್ನುತ್ತಿದ್ದ. ಅಪ್ಪ ಅವನ ಕೈಯಿಂದ ನಾಲ್ಕು ಕಾಳು ಇಸಿದುಕೊಂಡು ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಚೀಪಿದರು.

ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ಗುಡಿ ಕಟ್ಟಿಸಿದ್ದು ಅವಳ ತಂಗಿ ತ್ರೈಲೋಕ್ಯಮಹಾದೇವಿ. ಅಕ್ಕ ತಂಗಿಯ ಗುಡಿಗಳು ಹತ್ತಿರ ಹತ್ತಿರ, ಮಾತಾಡಿಸಿದರೆ ಕೇಳಿಸುವಷ್ಟು. ಅಲ್ಲಿ ಮೂರು ಗಂಟೆ ಇದ್ದೆವು, ಹಾಳೆಯಲ್ಲಿ ಬರೆದ ಹಾಗೆ.

ಆದರೆ ನಾನು ನಿಂತುಬಿಟ್ಟಿದ್ದು ಐಹೊಳೆಯಲ್ಲಿ. ಅಲ್ಲಿ ಮೇಗುತಿ ಬೆಟ್ಟದ ಮೇಲೆ ರವಿಕೀರ್ತಿಯ 634ರ ಶಾಸನ ಇದೆ. ಎರಡನೇ ಪುಲಕೇಶಿಯ ದೊಡ್ಡಸ್ತಿಕೆ ನಮಗೆ ಹೆಚ್ಚಾಗಿ ಗೊತ್ತಾಗಿದ್ದು ಅದರಿಂದ. ಎಲ್ಲರೂ ಅದನ್ನು ನೋಡಲು ಹತ್ತುತ್ತಾರೆ, ನಾವೂ ಹತ್ತಿದೆವು. ಕೆಳಗೆ ಬಂದ ಮೇಲೆ ಗುಡಿಗಳ ಹೆಸರು ಓದುತ್ತಾ ಹೋದೆ. ಲಾಡ್ ಖಾನ್ ಗುಡಿ. ಗೌಡರ ಗುಡಿ. ಬಡಿಗೇರ ಗುಡಿ. ಹುಚ್ಚಪ್ಪಯ್ಯನ ಗುಡಿ. ದೇವರ ಹೆಸರಲ್ಲ, ಕಟ್ಟಿಸಿದ ರಾಜನ ಹೆಸರೂ ಅಲ್ಲ. ಲಾಡ್ ಖಾನ್ ಅಂದರೆ ಒಂದು ಕಾಲಕ್ಕೆ ಆ ಗುಡಿಯಲ್ಲಿ ವಾಸವಿದ್ದವನು. ಮರದ ದಿಮ್ಮಿ ಜೋಡಿಸಿದ ಹಾಗೆ ಕಾಣುವ ಆ ಕಲ್ಲಿನ ಇಳಿಜಾರು ಮಾಡಿನ ಕೆಳಗೆ ಅವನು ಮಲಗಿ ಎದ್ದಿದ್ದಾನೆ. ಕಟ್ಟಿಸಿದವನ ಹೆಸರನ್ನು ಊರು ಮರೆಯಿತು. ಇದ್ದವನ ಹೆಸರು ಉಳಿಯಿತು. ನಂದಿಯ ಪಕ್ಕದ ಕಂಬಕ್ಕೆ ಒರಗಿ ಸುಮ್ನೆ ಕೂತೆ. ನೋಡಲು ಬಂದ ಜಾಗ ಯಾರದೋ ಮನೆಯಾಗಿತ್ತು. ಎರಡು ದಿನದ ಹಿಂದೆ ನಾನು ಒಂದು ಮನೆಯನ್ನು ನೋಡಲು ಬಂದ ಜಾಗದ ಹಾಗೆ ನೋಡಿ ಎದ್ದು ಬಂದಿದ್ದೆ. ದುಪಟ್ಟಾ ಕೊಡವಿದಾಗ ಅದರ ಮಡಿಕೆಯಿಂದ ಮೂರು ಅಕ್ಕಿ ಕಾಳು ಬಿದ್ದವು.

ನಿಕಾಲಿ ಕುಸ್ತಿ

ಮಾರನೇ ದಿನ ಬನಶಂಕರಿಗೆ ಹೋದೆವು. ಜಾತ್ರೆಯ ದಿನಗಳು. ನಾಟಕ ಕಂಪನಿಗಳ ಬೋರ್ಡು, ಬಳೆ ಅಂಗಡಿ, ಧೂಳು. ಬುಟ್ಟಿ ಹೊತ್ತ ಹೆಂಗಸರ ಹತ್ತಿರ ಮರದ ಕೆಳಗೆ ಕೂತು ಕಡಕ್ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಉಂಡೆವು. ಅಲ್ಲಿಂದ ವಿಜಯಪುರಕ್ಕೆ ಹೊರಡಬೇಕು. ಗುಳೇದಗುಡ್ಡದ ಕಡೆ ಹೋಗುವಾಗ ಒಂದು ಹಳ್ಳಿಯ ಹೊರಗೆ ಹಲಗಿ ಸದ್ದು ಕೇಳಿಸಿತು. ಟ್ರಾಕ್ಟರ್‌ಗಳು, ಬೈಕುಗಳು ಸಾಲಾಗಿ ನಿಂತಿದ್ದವು. ಕಾರಲ್ಲಿ ಹಿಂದೆ ಕೂತಿದ್ದ ಅಪ್ಪ ಮುಂದಕ್ಕೆ ಬಾಗಿ ಗಂಡನ ಭುಜ ಮುಟ್ಟಿ “ಕುಸ್ತಿ ಐತಿ. ನಿಲ್ಲಿಸು” ಅಂದರು. ನಾಲ್ಕು ದಿನದಲ್ಲಿ ಅವರು ತಮಗಾಗಿ ಕೇಳಿದ್ದು ಅದೊಂದೇ.

ಹೊಲದ ನಡುವೆ ಮಸಾರಿ ಮಣ್ಣು ಹದ ಮಾಡಿ ಹಾಕಿದ್ದರು. ಸುತ್ತ ಜನ, ನೆಲದ ಮೇಲೆ, ಟ್ರಾಕ್ಟರ್ ಮೇಲೆ, ಬೇವಿನ ಮರದ ಮೇಲೆ. ಮೊದಲು ಸಣ್ಣ ಹುಡುಗರ ಜೋಡಿ. ಗೆದ್ದವನ ಕೈಗೆ ಜನ ಹತ್ತು, ಇಪ್ಪತ್ತರ ನೋಟು ಇಡುತ್ತಿದ್ದರು. ಸೋತವನಿಗೂ ಒಂದಿಬ್ಬರು ಕೊಟ್ಟರು. ಆಮೇಲೆ ದೊಡ್ಡವರು. ಕಣಕ್ಕೆ ಬಂದು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾರೆ. ಒಂದು ಹಿಡಿ ಎತ್ತಿ ಎದುರಾಳಿಯ ಮೈಗೆ ಸವರುತ್ತಾರೆ, ಹಿಡಿತ ಜಾರದಿರಲಿ ಅಂತ. ಗೆಲ್ಲಬೇಕಾದವನೇ ಎದುರಿನವನಿಗೆ ಹಿಡಿತ ಕೊಡುತ್ತಾನೆ. ಮಗಳು ಅದನ್ನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು. ಅಪ್ಪ ಅವಳಿಗೆ ಹೇಳುತ್ತಿದ್ದರು. ಚಾಪೆ ಮೇಲಿನ ಕುಸ್ತಿಗೆ ಮೂರು ಮೂರು ನಿಮಿಷದ ಎರಡು ಸುತ್ತು, ಪಾಯಿಂಟು. ಇದು ನಿಕಾಲಿ ಕುಸ್ತಿ. ಇದಕ್ಕೆ ಗಡಿಯಾರ ಇಲ್ಲ. ಒಬ್ಬನ ಬೆನ್ನು ನೆಲಕ್ಕೆ ಹತ್ತಬೇಕು, ಅಲ್ಲಿತನಕ ಮುಗಿಯುವುದಿಲ್ಲ. ಐದು ನಿಮಿಷಕ್ಕೂ ಆಗಬಹುದು, ಮುಕ್ಕಾಲು ಗಂಟೆಗೂ ಆಗಬಹುದು.

ಆ ಅಪ್ಪನನ್ನು ನಾನು ನೋಡಿಯೇ ಇರಲಿಲ್ಲ. ಬೆಂಗಳೂರಿನ ಮನೆಯಲ್ಲಿ ಪೇಪರ್ ಓದುತ್ತಾ, ಮಾತ್ರೆ ಎಣಿಸುತ್ತಾ ಇರುವವರು ಇಲ್ಲಿ ಪಂಚೆ ಮಡಚಿ ಕಟ್ಟಿ ನೆಲಕ್ಕೆ ಕೂತಿದ್ದರು. “ಕಾಲು ನೋಡು, ಕೈ ನೋಡಬ್ಯಾಡ” ಅನ್ನುತ್ತಿದ್ದರು. ಮಂಡಿ ನೋವು ಎಲ್ಲಿ ಹೋಯಿತೋ. ಒಂದು ಜೋಡಿ ಹೆಣ್ಣುಮಕ್ಕಳದು ಬಂತು. ಹದಿನೈದು, ಹದಿನಾರು ಇರಬಹುದು. ಒಬ್ಬಳು ಗಿಡ್ಡ, ಗಟ್ಟಿ. ಇನ್ನೊಬ್ಬಳು ಸಪೂರ, ಉದ್ದ. ಹಲಗಿ ಜೋರಾಯಿತು. ಅಪ್ಪ ಇದ್ದಕ್ಕಿದ್ದಂತೆ “ಅಕ್ಕ ನೋಡಬೇಕಿತ್ತು” ಅಂದರು.

ಆಗ ಹೇಳಿದರು. ಅವರ ಚಿಕ್ಕಂದಿನಲ್ಲಿ ಊರಿನ ಕುಸ್ತಿ ನೋಡಲು ಹೆಣ್ಣುಮಕ್ಕಳನ್ನು ಬಿಡುತ್ತಿರಲಿಲ್ಲ. ಅತ್ತೆಗೆ ಕುಸ್ತಿ ಅಂದರೆ ಪ್ರಾಣ. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಿತ್ತಿಲ ಏಣಿ ಹತ್ತಿ ಮಾಳಿಗೆಯ ಮೇಲೆ ಹೋಗುತ್ತಿದ್ದರಂತೆ. ಬೆಳಕಿಂಡಿ ಪಕ್ಕ ಹೊಟ್ಟೆಯ ಮೇಲೆ ಮಲಗಿ ಇಬ್ಬರೂ ನೋಡುತ್ತಿದ್ದರು. ಯಾರು ಯಾವ ಪಟ್ಟು ಹಾಕಿದರು ಅಂತ ರಾತ್ರಿ ಹಾಸಿಗೆ ಮೇಲೆ ಅಕ್ಕ ತಮ್ಮನಿಗೆ ಹಾಕಿ ತೋರಿಸುತ್ತಿದ್ದರು. ಅಪ್ಪನಿಗೆ ಕುಸ್ತಿ ಕಲಿಸಿದ್ದು ಯಾವ ಗರಡಿಯೂ ಅಲ್ಲ, ಅತ್ತೆ. ನಲವತ್ತೆರಡು ವರ್ಷದಿಂದ ಅತ್ತೆಯನ್ನು ನೋಡಿದ್ದೇನೆ. ರೊಟ್ಟಿ ಬಡಿಯುವ ಅತ್ತೆ, ಉಡಿ ತುಂಬುವ ಅತ್ತೆ ನನಗೆ ಗೊತ್ತು. ಮಾಳಿಗೆ ಮೇಲಿನ ಹುಡುಗಿ ಗೊತ್ತೇ ಇರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು ಅಲ್ವಾ? ಕೇಳಲು ಹೊತ್ತು ಎಲ್ಲಿತ್ತು ನನಗೆ?

ಅಪ್ಪ ಫೋನ್ ತೆಗೆದು ಅತ್ತೆಗೆ ಮಾಡಿದರು. ಮಾತಾಡಲಿಲ್ಲ. ಫೋನನ್ನು ಕಣದ ಕಡೆ ಎತ್ತಿ ಹಿಡಿದರು, ಹಲಗಿ ಕೇಳಿಸಲಿ ಅಂತ. ಆಮೇಲೆ ಕಿವಿಗಿಟ್ಟು ಕೂಗಿ ಹೇಳತೊಡಗಿದರು. “ಹುಡುಗ್ಯಾರ್ದು ಐತಿ ಅಕ್ಕಾ! ಉದ್ದನಾಕಿ ಕೆಳಗ ಬಿದ್ದಾಳ. ಇಲ್ಲ, ಬೆನ್ನು ಹತ್ತಿಲ್ಲ. ಬೋರಲ ಅದಾಳ. ಎದ್ಲು, ಎದ್ಲು!” ಪಕ್ಕದವರೆಲ್ಲ ತಿರುಗಿ ನೋಡಿದರು. ಒಬ್ಬರು ಅಜ್ಜ ಫೋನಿನ ಕಡೆ ಬಾಗಿ “ಗಿಡ್ಡನಾಕಿ ಗಟ್ಟಿ ಅದಾಳ್ರೀ ಅವ್ವಾರ” ಅಂತ ತಮ್ಮ ಮಾತೂ ಸೇರಿಸಿದರು. ಅತ್ತೆಯ ನಗು ಕೇಳಿಸಿತು. ಅಷ್ಟರಲ್ಲಿ ಲೈನ್ ಕಟ್ ಆಯಿತು. ಮತ್ತೆ ಹತ್ತು ಸಲ ಮಾಡಿದರೂ ಸಿಗಲಿಲ್ಲ. ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಎಲ್ಲಿರುತ್ತದೆ.

ಅಲ್ಲಿ ಮೂರೂವರೆ ಗಂಟೆ ಇದ್ದೆವು. ಯಾರೂ ವಾಚ್ ನೋಡಲಿಲ್ಲ. ನನ್ನ ಹಾಳೆಯಲ್ಲಿ ಆ ಊರಿನ ಹೆಸರೇ ಇಲ್ಲ.

ವಿಜಯಪುರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೋಳಗುಮ್ಮಟದ ಮೇಲೆ ಪಿಸುಮಾತು ಕೇಳುವ ಸುತ್ತಿನಲ್ಲಿ ಎಲ್ಲರೂ ಕಿರುಚುತ್ತಿದ್ದರು, ಪಿಸುಮಾತು ಯಾರಿಗೂ ಕೇಳಿಸಲಿಲ್ಲ. ಸುಮಾರು 44 ಮೀಟರ್ ಅಗಲದ ಗುಮ್ಮಟವನ್ನು ನಡುವೆ ಒಂದೂ ಕಂಬ ಇಲ್ಲದೆ 1656ರಲ್ಲಿ ನಿಲ್ಲಿಸಿದ್ದಾರೆ. ಅದರ ಕೆಳಗೆ ನಿಂತರೆ ಕುತ್ತಿಗೆ ತಾನಾಗಿ ಮೇಲಕ್ಕೆ ಹೋಗುತ್ತದೆ. ನನಗೆ ಇಬ್ರಾಹಿಂ ರೋಜಾ ಹೆಚ್ಚು ಹಿಡಿಸಿತು. ಕಲ್ಲಿನ ಕಿಟಕಿಯಲ್ಲಿ ಅಕ್ಷರಗಳನ್ನೇ ಜಾಲರಿಯ ಹಾಗೆ ಕೊರೆದಿದ್ದಾರೆ. ಒಳಗೆ ಬೀಳುವ ಬಿಸಿಲೂ ಬರಹವೇ.

ವಾಪಸ್ ಬರುವ ದಾರಿ ಬೇರೆ. ವಿಜಯಪುರದಿಂದ ಹೊಸಪೇಟೆ, ಅಲ್ಲಿಂದ ಚಿತ್ರದುರ್ಗ, ನೇರ ಬೆಂಗಳೂರು. ಆ ದಾರಿಯಲ್ಲಿ ರಾಣೆಬೆನ್ನೂರು ಬರುವುದೇ ಇಲ್ಲ. ಸೋಮವಾರ ಸ್ಕೂಲು, ಆಫೀಸು. ಚಿತ್ರದುರ್ಗದ ಹತ್ತಿರ ಹೈವೇ ಸೇರುವಲ್ಲಿ ಬಲಕ್ಕೆ ದಾವಣಗೆರೆ, ಎಡಕ್ಕೆ ಬೆಂಗಳೂರು ಅಂತ ಬೋರ್ಡು. ಅಪ್ಪ ಬಲಗಡೆ ನೋಡಿದರು. ನಾನು ಕನ್ನಡಿಯಲ್ಲಿ ಅವರನ್ನು ನೋಡಿದೆ. ಯಾರೂ ಏನೂ ಅನ್ನಲಿಲ್ಲ. ಎಡಕ್ಕೆ ತಿರುಗಿದೆವು. “ಬರ್ತಾ ಇನ್ನೊಮ್ಮೆ ಬರ್ತೀವಿ” ಅಂತ ಹೇಳಿ ಬಂದಿದ್ದೆವು.

ಮಾರ್ಚ್

ಮಾರ್ಚ್ ಮೂರನೇ ವಾರ ನಾನು ಮತ್ತು ಅಪ್ಪ ಬೆಳಗಿನ ರೈಲು ಹತ್ತಿದೆವು. ಮಕ್ಕಳಿಗೆ ಪರೀಕ್ಷೆ, ಗಂಡ ಮನೆಯಲ್ಲಿ ಉಳಿದರು. ಹರಿಹರದ ಸೇತುವೆ ಮೇಲೆ ರೈಲು ಹೋಗುವಾಗ ಹೊಳೆಯಲ್ಲಿ ನೀರು ಕಡಿಮೆ ಇತ್ತು. ಬಂಡೆಗಳ ಮೇಲೆ ಬಟ್ಟೆ ಒಣಗುತ್ತಿದ್ದವು. ಅಪ್ಪ ಆಗಲೇ “ಬಾರವ್ವ, ಬಾಗಿಲ ಕಡೆ ಹೋಗೂಣು” ಅನ್ನುತ್ತಿದ್ದರು. ಸ್ಟೇಷನ್ನಿನಿಂದ ಆಟೋ ಹಿಡಿದು ಹೋದೆವು. ಬರುತ್ತೇವೆ ಅಂತ ಹೇಳಿರಲಿಲ್ಲ, ಹೇಳಿದರೆ ಮತ್ತೆ ಅಡುಗೆ ಮಾಡಿಟ್ಟು ಹಸಿದುಕೊಂಡು ಕೂತಿರುತ್ತಾರೆ ಅಂತ.

ಅತ್ತೆ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ತೊಗರಿ ಹಸನ ಮಾಡುತ್ತಿದ್ದರು. ನಮ್ಮನ್ನು ನೋಡಿ ಏಳಲು ಹೋದರು. ನಾನು ಬ್ಯಾಗ್ ಇಟ್ಟು ಅವರ ಎದುರಿಗೆ ಅಲ್ಲೇ ನೆಲದ ಮೇಲೆ ಕೂತೆ. ಅವರು ನಮ್ಮಿಬ್ಬರ ಹಿಂದೆ ಬಾಗಿಲ ಕಡೆ ನೋಡಿದರು. “ಹುಡುಗರೆಲ್ಲಿ? ಕಾರು?”

“ಇಲ್ಲ ಅತ್ತೆ. ರೈಲಿಗೆ ಬಂದ್ವಿ.”

“ಮತ್ತ ಎಲ್ಲಿಗೆ ಹೊಂಟೀರಿ?”

“ಇಲ್ಲಿಗೇ.”

ಅವರು ಏನೂ ಹೇಳಲಿಲ್ಲ. ಮೊರವನ್ನು ನನ್ನ ಕಡೆ ಸರಿಸಿದರು. ಕಲ್ಲು ಆರಿಸತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಅಪ್ಪನ ಕಡೆ ತಿರುಗಿ, ಎರಡು ತಿಂಗಳಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಹಾಗೆ ಕೇಳಿದರು.

“ಆ ಉದ್ದನಾಕಿ ಏನಾದ್ಲೋ? ಬೆನ್ನು ಹತ್ತಿತೇನ?”

ಅಪ್ಪ ಎದ್ದರು. ಪಂಚೆ ಮಡಚಿ ಕಟ್ಟಿಕೊಂಡು ಪಡಸಾಲೆಯ ನಡುವೆ ಬಂದು ನಿಂತರು.